ದೇವರು ಜೊತೆಗಿದ್ದಾನೆ ಅನಿಸದ ದಿನಗಳಲ್ಲಿ

ಪ್ರಶ್ನೆ: ನಾನು ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಾ ಬೆಳೆದವಳು. ಹದಿನೆಂಟನೇ ವಯಸ್ಸಿನಲ್ಲಿ ಯೇಸುವನ್ನು ನನ್ನ ರಕ್ಷಕನೆಂದು ಒಪ್ಪಿಕೊಂಡೆ. ಆಗೆಲ್ಲಾ ಮೊಣಕಾಲೂರಿದರೆ ಸಾಕು, ದೇವರು ಪಕ್ಕದಲ್ಲೇ ಇದ್ದಾನೆ ಅನಿಸುತ್ತಿತ್ತು. ಈಗ ಒಂದೂವರೆ ವರ್ಷದಿಂದ ಏನೂ ಇಲ್ಲ. ಅತ್ತೆ ಹಾಸಿಗೆ ಹಿಡಿದು ಒಂದೂವರೆ ವರ್ಷವಾಯಿತು. ಮನೆ, ಮಕ್ಕಳು, ಕೆಲಸ, ರಾತ್ರಿ ಎರಡು ಸಲ ಎದ್ದು ಅತ್ತೆಯನ್ನು ನೋಡಿಕೊಳ್ಳುವುದು, ಇದರಲ್ಲೇ ದಿನ ಮುಗಿಯುತ್ತದೆ. ಪ್ರಾರ್ಥನೆ ಮಾಡಿದರೆ ಗೋಡೆಗೆ ಹೇಳಿದ ಹಾಗೆ. ಆರಾಧನೆಯಲ್ಲಿ ಪಕ್ಕದವರು ಕಣ್ಣೀರಿಡುತ್ತಾರೆ, ನಾನು ಕಲ್ಲಿನ ಹಾಗೆ ನಿಂತಿರುತ್ತೇನೆ. ನನ್ನ ನಂಬಿಕೆ ಸತ್ತುಹೋಗಿದೆಯಾ? ನನ್ನಲ್ಲಿರುವ ಯಾವುದೋ ಪಾಪದಿಂದ ದೇವರು ದೂರ ಹೋದನಾ? ಕಾಣದ, ಕೇಳಿಸದ ದೇವರು ನನ್ನ ದಿನದಿನದ ಬದುಕಿನಲ್ಲಿ ಇದ್ದಾನೆ ಅಂತ ನಂಬುವುದು ಹೇಗೆ?

ಉತ್ತರ: ಸಹೋದರಿ, ನಿಮ್ಮನ್ನು ಹೆಚ್ಚು ಹೆದರಿಸಿರುವುದು ಮೊದಲನೇ ಪ್ರಶ್ನೆ ಅಂತ ನನಗೆ ತೋರುತ್ತದೆ. ಅದಕ್ಕೆ ಸುತ್ತಿ ಬಳಸದೆ ಉತ್ತರ ಕೊಡುತ್ತೇನೆ. ಇಲ್ಲ, ನಿಮ್ಮ ನಂಬಿಕೆ ಸತ್ತಿಲ್ಲ. ಒಂದೂವರೆ ವರ್ಷದಿಂದ ಏನೂ ಕೇಳಿಸದಿದ್ದರೂ ನೀವು ಪ್ರಾರ್ಥನೆ ಬಿಟ್ಟಿಲ್ಲ. ಸಭೆಗೆ ಹೋಗುವುದನ್ನು ಬಿಟ್ಟಿಲ್ಲ. ಮನಸ್ಸು ತುಂಬಿ ಬಂದಾಗ ಆರಾಧನೆಯಲ್ಲಿ ನಿಲ್ಲುವುದು ಯಾರಿಗಾದರೂ ಸುಲಭ. ಕಲ್ಲಿನ ಹಾಗೆ ಆದ ಮೇಲೂ ವಾರ ವಾರ ಹೋಗಿ ನಿಲ್ಲುವುದಿದೆಯಲ್ಲ, ಅದಕ್ಕೆ ನಂಬಿಕೆ ಬೇಕು. ನೀವು ಅದನ್ನು ಸುಮಾರು ಎಪ್ಪತ್ತೆಂಟು ಭಾನುವಾರ ಮಾಡಿದ್ದೀರಿ.

ದೇವರು ಇರುವುದು ಬೇರೆ, ಇದ್ದಾನೆ ಅಂತ ನಮಗೆ ಅನಿಸುವುದು ಬೇರೆ. ಹೀಗೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಅನಿಸುವುದು ನಿಂತುಹೋದ ದಿನ ನಾವೆಲ್ಲಾ ದೇವರೇ ಎದ್ದು ಹೋದ ಅಂತ ತಿಳಿಯುತ್ತೇವೆ. ಸತ್ಯವೇದ, ಅಂದರೆ ಬೈಬಲ್, ಈ ಎರಡನ್ನೂ ಎಷ್ಟು ಸ್ಪಷ್ಟವಾಗಿ ಬೇರೆ ಇಡುತ್ತದೆ ಅಂತ ತೋರಿಸಲು ನಾನು ಯಾವಾಗಲೂ ಯೋಸೇಫನ ಕಥೆಗೆ ಹೋಗುತ್ತೇನೆ.

ಆದಿಕಾಂಡ 39ನೇ ಅಧ್ಯಾಯವನ್ನು ಇವತ್ತು ಒಮ್ಮೆ ನಿಧಾನವಾಗಿ ಓದಿ. ಯೆಹೋವನು ಯೋಸೇಫನ ಸಂಗಡ ಇದ್ದನು ಎಂಬ ಮಾತು ಅಲ್ಲಿ ನಾಲ್ಕು ಸಲ ಬರುತ್ತದೆ: 2, 3, 21 ಮತ್ತು 23ನೇ ವಚನಗಳಲ್ಲಿ. ಈಗ ಇನ್ನೊಂದನ್ನು ಗಮನಿಸಿ. ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಬರೆದವನು ಓದುವ ನಮಗೆ ಹೇಳುತ್ತಿದ್ದಾನೆ. ಯೋಸೇಫನಿಗೆ ಅದನ್ನು ಯಾರೂ ಹೇಳಲಿಲ್ಲ. ಅವನ ಮುತ್ತಾತ ಅಬ್ರಹಾಮನ ಜೊತೆ ದೇವರು ಮಾತಾಡಿದನು, ತಾತ ಇಸಾಕನ ಜೊತೆ ಮಾತಾಡಿದನು, ತಂದೆ ಯಾಕೋಬನ ಜೊತೆ ಮಾತಾಡಿದನು. ಯೋಸೇಫನ ಇಡೀ ಕಥೆಯಲ್ಲಿ ದೇವರು ಅವನ ಜೊತೆ ನೇರವಾಗಿ ಮಾತಾಡಿದ ಒಂದು ಸಂದರ್ಭವೂ ಬರೆದಿಲ್ಲ. ಹುಡುಗನಾಗಿದ್ದಾಗ ಎರಡು ಕನಸು ಬಿದ್ದವು, ಅಷ್ಟೇ. ಅಣ್ಣಂದಿರು ಅವನನ್ನು ಮಾರಿದ ಕಾಲಕ್ಕೆ ಅವನಿಗೆ 17 ವರ್ಷ. ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮುಂದೆ ನಿಂತಾಗ 30. ನಡುವಿನ 13 ವರ್ಷ ಗುಲಾಮಗಿರಿ, ಸುಳ್ಳು ಅಪವಾದ, ಸೆರೆಮನೆ. ಸೆರೆಮನೆಯಲ್ಲಿ ಅವನಿಂದ ಉಪಕಾರ ಪಡೆದ ಪಾನದಾಯಕನು, ಅಂದರೆ ಅರಸನಿಗೆ ದ್ರಾಕ್ಷಾರಸ ಕೊಡುತ್ತಿದ್ದವನು, ಬಿಡುಗಡೆಯಾದ ಮೇಲೆ ಅವನನ್ನು ಮರೆತೇಬಿಟ್ಟ. ಅದಾದ ಮೇಲೂ ಪೂರ್ತಿ ಎರಡು ವರ್ಷ ಹೋಯಿತು.

ಆ 13 ವರ್ಷ ದೇವರು ಎಲ್ಲಿದ್ದನು? ಸಂಗಡ ಇದ್ದನು. ಬಾಗಿಲು ತೆರೆಯಲಿಲ್ಲ, ಮಾತಾಡಲಿಲ್ಲ, ಆದರೆ ಸಂಗಡ ಇದ್ದನು. ನಮಗೆ ಇದು ಗೊತ್ತು, ಏಕೆಂದರೆ ನಾವು ಪುಟವನ್ನು ಮೇಲಿನಿಂದ ಓದುತ್ತಿದ್ದೇವೆ. ಯೋಸೇಫ ಆ ಪುಟದ ಒಳಗೆ ಬದುಕುತ್ತಿದ್ದ. ನೀವೂ ಈಗ ಹಾಗೆಯೇ ಪುಟದ ಒಳಗೆ ಇದ್ದೀರಿ.

3ನೇ ವಚನದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿವರ ಇದೆ. ಯೆಹೋವನು ಯೋಸೇಫನ ಸಂಗಡ ಇದ್ದಾನೆಂದು ಕಂಡುಕೊಂಡವನು ಅವನ ದಣಿ, ದೇವರನ್ನು ಅರಿಯದ ಐಗುಪ್ತದವನು. ಅಂದರೆ ಕೆಲವು ಸಲ ದೇವರು ನಮ್ಮ ಜೊತೆಗಿರುವುದು ನಮಗಿಂತ ಮೊದಲು ಪಕ್ಕದವರಿಗೆ ಕಾಣುತ್ತದೆ. ನಿಮ್ಮ ಅತ್ತೆಯವರಿಗೆ ಏನು ಕಾಣುತ್ತಿರಬಹುದು ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ? ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಅನಿಸಿಕೆಯನ್ನು ಬಿಟ್ಟು ಯಾವುದರ ಮೇಲೆ ಕಾಲಿಡಬೇಕು? ಕೊಟ್ಟ ಮಾತಿನ ಮೇಲೆ. ಮತ್ತಾಯನ ಸುವಾರ್ತೆಯ ಕೊನೆಯ ಮಾತು ನಿಮಗೆ ಬಾಯಿಗೇ ಬರುತ್ತದೆ: ‘ನಾನು ಯುಗದ ಸಮಾಪ್ತಿಯವರೆಗೂ ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ.’ ಇಲ್ಲಿ ‘ಎಲ್ಲಾ ದಿವಸ’ ಅಂತ ಅನುವಾದ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ. ಮೂಲ ಗ್ರೀಕಿನಲ್ಲಿ ಇರುವುದೂ ಅದೇ, ‘ಎಲ್ಲಾ ದಿನಗಳು’. ‘ಯಾವಾಗಲೂ’ ಅಂದುಬಿಟ್ಟರೆ ಅದು ಗಾಳಿಯಲ್ಲಿ ತೇಲುವ ಮಾತಾಗುತ್ತದೆ. ‘ಎಲ್ಲಾ ದಿವಸ’ ಅಂದರೆ ಒಂದೊಂದೇ ದಿನವನ್ನು ಬೆರಳು ಮಡಚಿ ಎಣಿಸಬಹುದು. ಸೋಮವಾರ. ಬಟ್ಟೆ ಒಗೆಯುವ ದಿನ. ಮಗುವಿಗೆ ಜ್ವರ ಬಂದ ದಿನ. ಏನೂ ಅನಿಸದ ದಿನ. ಆ ಲೆಕ್ಕದಿಂದ ಹೊರಗೆ ಉಳಿದ ದಿನ ಒಂದೂ ಇಲ್ಲ.

ಆ ಮಾತನ್ನು ಯೇಸು ಯಾರಿಗೆ ಹೇಳಿದನು ಅನ್ನುವುದನ್ನೂ ನೋಡಿ. ಮೂರು ವಚನ ಹಿಂದಕ್ಕೆ ಹೋಗಿ. ಬೆಟ್ಟದ ಮೇಲೆ ಶಿಷ್ಯರು, ಸತ್ತು ಎದ್ದುಬಂದ ಯೇಸುವನ್ನು ಕಂಡು ಅಡ್ಡಬಿದ್ದರು. ‘ಆದರೆ ಕೆಲವರು ಸಂದೇಹಪಟ್ಟರು’ ಅಂತ ಮತ್ತಾಯ ಬರೆಯುತ್ತಾನೆ. ಕಣ್ಣೆದುರು ಕಂಡರೂ ಸಂದೇಹ! ಯೇಸು ಅವರನ್ನು ಪಕ್ಕಕ್ಕೆ ನಿಲ್ಲಿಸಿ, ಉಳಿದವರಿಗೆ ಮಾತ್ರ ‘ಸಂಗಡ ಇರುತ್ತೇನೆ’ ಅನ್ನಲಿಲ್ಲ. ಎಲ್ಲರಿಗೂ ಒಂದೇ ಮಾತು ಕೊಟ್ಟನು. ಕಣ್ಣಿಗೆ ಕಂಡುಬಿಟ್ಟಿದ್ದರೆ ನಂಬುವುದು ಸುಲಭವಾಗುತ್ತಿತ್ತು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಈ ವಚನ ಓದಿದ ಮೇಲೆ ನನಗೆ ಹಾಗೆ ಹೇಳುವ ಧೈರ್ಯ ಬರುವುದಿಲ್ಲ.

ಈಗ ನಿಮ್ಮ ಪ್ರಾರ್ಥನೆಯ ವಿಷಯ. ಗೋಡೆಗೆ ಹೇಳಿದ ಹಾಗೆ ಅಂದಿರಿ. ಅದನ್ನೇ ದೇವರಿಗೆ ಹೇಳಿದ್ದೀರಾ? ನಾನು ಕೇಳುತ್ತಿರುವುದು ಸುಮ್ನೆ ಅಲ್ಲ. ನಮ್ಮಲ್ಲಿ ಬಹಳ ಜನ ಪ್ರಾರ್ಥನೆಗೆ ಕೂತ ತಕ್ಷಣ ಬೇರೆ ಮನುಷ್ಯರಾಗಿಬಿಡುತ್ತಾರೆ. ಒಳಗೆ ಬೇಸರ ಕುದಿಯುತ್ತಿರುತ್ತದೆ, ಬಾಯಲ್ಲಿ ‘ಸ್ತೋತ್ರ ಕರ್ತನೇ’ ಅಂತ ಬರುತ್ತದೆ. ಸತ್ಯವೇದದ ಕೀರ್ತನೆಗಳನ್ನು ಬರೆದವರು ಹಾಗೆ ಮಾಡಲಿಲ್ಲ. 13ನೇ ಕೀರ್ತನೆ ಆರೇ ವಚನದ್ದು. ಅದರ ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ ‘ಇನ್ನೆಷ್ಟರವರೆಗೆ’ ಅನ್ನುವ ಕೂಗಿದೆ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ, ಇನ್ನೆಷ್ಟು ಕಾಲ ಮುಖ ಮರೆಮಾಡಿಕೊಳ್ಳುತ್ತೀ ಅಂತ ದಾವೀದ ನೇರವಾಗಿ ಕೇಳುತ್ತಾನೆ. 88ನೇ ಕೀರ್ತನೆ ಇನ್ನೂ ಕಷ್ಟದ್ದು. ಬೇರೆ ದುಃಖದ ಕೀರ್ತನೆಗಳು ಕೊನೆಗೆ ಎಲ್ಲೋ ಒಂದು ಕಡೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ.

ಇಂಥ ಪ್ರಾರ್ಥನೆಯನ್ನು ದೇವರು ತನ್ನ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾನೆ. ನಾನು ಇದನ್ನು ನೆನೆದಾಗೆಲ್ಲಾ ಮನಸ್ಸು ಕರಗುತ್ತದೆ. ಬೆಳಕು ಕಾಣದೆ ಪ್ರಾರ್ಥನೆ ಮಾಡುವ ಮಕ್ಕಳು ಮುಂದೆಯೂ ಇರುತ್ತಾರೆ, ಅವರಿಗೂ ಮಾತು ಬೇಕಾಗುತ್ತದೆ ಅಂತ ಆತನಿಗೆ ಗೊತ್ತಿತ್ತು. 88ನೇ ಕೀರ್ತನೆ ಬರೆದವನು ದೇವರ ಬಗ್ಗೆ ಬೇರೆಯವರ ಹತ್ತಿರ ದೂರಲಿಲ್ಲ. ‘ನೀನು’ ಅಂತ ದೇವರ ಹತ್ತಿರವೇ ದೂರಿದ. ಜಗಳವಾಡುವಾಗಲೂ ಎದುರಿಗೆ ಇದ್ದಾನೆ ಅಂತ ಒಪ್ಪಿಕೊಂಡೇ ಆಡಿದ.

‘ನೀನು’ ಅನ್ನುವ ಈ ಮಾತಿನ ಬಗ್ಗೆ ಇನ್ನೊಂದು ಸಂಗತಿ. 23ನೇ ಕೀರ್ತನೆಯನ್ನು ನಾವೆಲ್ಲಾ ಬಾಯಿಪಾಠ ಹೇಳುತ್ತೇವೆ. ಅದರ ಮೊದಲ ಮೂರು ವಚನಗಳಲ್ಲಿ ದಾವೀದ ದೇವರನ್ನು ‘ಆತನು’ ಅನ್ನುತ್ತಾನೆ. ಆತನು ಹಸುರುಗಾವಲಿನಲ್ಲಿ ತಂಗಿಸುತ್ತಾನೆ, ಆತನು ನೀರಿನ ಬಳಿಗೆ ಕರೆದೊಯ್ಯುತ್ತಾನೆ. ನಾಲ್ಕನೇ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತದೆ. ಅಲ್ಲೇ ಮಾತು ಬದಲಾಗುತ್ತದೆ: ‘ನೀನು ಹತ್ತಿರವಿರುತ್ತೀ.’ ಹಸುರು ಕಾಣುವಾಗ ದೇವರ ಬಗ್ಗೆ ಮಾತಾಡುತ್ತಿದ್ದವನು, ಏನೂ ಕಾಣದ ಕಣಿವೆಯಲ್ಲಿ ದೇವರ ಜೊತೆ ಮಾತಾಡಲು ಶುರುಮಾಡಿದ.

ಶಿಲುಬೆಯ ಮೇಲೆ ಯೇಸು ಕೂಗಿದ ಮಾತೂ ಒಂದು ಕೀರ್ತನೆಯದೇ, 22ನೆಯದರ ಮೊದಲ ಸಾಲು. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಇದರ ಆಳ ನನ್ನ ಅಳತೆಗೆ ಸಿಗುವುದಿಲ್ಲ, ಹೆಚ್ಚು ವಿವರಿಸಲು ಹೋಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ತಂದೆ ಕೈಬಿಟ್ಟ ಹಾಗೆ ಅನಿಸುವ ಜಾಗ ಎಂಥದು ಅಂತ ನಿಮ್ಮ ರಕ್ಷಕನಿಗೆ ಗೊತ್ತು. ನೀವು ನಿಂತಿರುವ ಕಡೆ ಆತನು ಮೊದಲೇ ನಿಂತಿದ್ದಾನೆ.

ಎರಡನೇ ಪ್ರಶ್ನೆ, ಪಾಪದ್ದು. ಪಾಪ ನಮಗೂ ದೇವರಿಗೂ ನಡುವೆ ಅಡ್ಡ ಬರುತ್ತದೆ ಅನ್ನುವುದು ನಿಜ. ಯೆಶಾಯ 59ರಲ್ಲಿ ಅದು ಬರೆದಿದೆ, ಅದನ್ನು ನಾನು ಮೆತ್ತಗೆ ಮಾಡಿ ಹೇಳುವುದಿಲ್ಲ. ನಿಮಗೆ ಗೊತ್ತಿರುವ ಒಂದು ಪಾಪ ಇದ್ದರೆ, ಇಂಥವರಿಗೆ ಹೀಗೆ ಮಾಡಿದೆ ಅಂತ ಹೆಸರು ಹೇಳಬಹುದಾದದ್ದು ಇದ್ದರೆ, ಅದನ್ನು ಒಪ್ಪಿಕೊಳ್ಳಿ. ಸರಿಪಡಿಸಬೇಕಾದದ್ದನ್ನು ಸರಿಪಡಿಸಿ. ಒಪ್ಪಿಕೊಂಡರೆ ಆತನು ಕ್ಷಮಿಸುತ್ತಾನೆ ಅಂತ ಯೋಹಾನ ತನ್ನ ಮೊದಲನೇ ಪತ್ರದಲ್ಲಿ ಬರೆದಿದ್ದಾನೆ, ಅಲ್ಲಿಗೆ ಆ ವಿಷಯ ಮುಗಿಯಿತು. ಆದರೆ ನೀವು ಬರೆದಿರುವುದು ‘ಯಾವುದೋ ಪಾಪ’ ಅಂತ. ಈ ‘ಯಾವುದೋ’ ಅನ್ನುವ ಮಾತು ನನಗೆ ಅನುಮಾನ ತರುತ್ತದೆ. ಪವಿತ್ರಾತ್ಮನು ತಿದ್ದುವಾಗ ಬೆರಳಿಟ್ಟು ತೋರಿಸುತ್ತಾನೆ. ಪ್ರವಾದಿ ನಾತಾನನು ಅರಸ ದಾವೀದನ ಹತ್ತಿರ ಬಂದು ‘ನಿನ್ನಲ್ಲಿ ಏನೋ ಸರಿಯಿಲ್ಲ’ ಅನ್ನಲಿಲ್ಲ. ಏನು ಮಾಡಿದೆ ಅಂತ ಬಿಡಿಸಿ ಹೇಳಿದ. ಹೆಸರಿಲ್ಲದ, ಮೊಖವಿಲ್ಲದ ಅಪರಾಧದ ಭಾರವನ್ನು ತಂದೆ ಮಗಳ ತಲೆಯ ಮೇಲೆ ಹೊರಿಸುವುದಿಲ್ಲ.

ತಪ್ಪು ಮಾಡದೆಯೂ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಮಾಡಿದ್ದು ಇದೇ ತಪ್ಪು. ಕಷ್ಟ ಬಂದಿದೆ, ದೇವರು ಮೌನವಾಗಿದ್ದಾನೆ, ಹಾಗಾದರೆ ಪಾಪ ಇರಲೇಬೇಕು ಅಂತ ಹಟಹಿಡಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ಯೋಬ 23ನೇ ಅಧ್ಯಾಯದಲ್ಲಿ ಹೇಳುವುದನ್ನು ನೋಡಿ. ಮುಂದೆ ಹೋದರೆ ಆತನಿಲ್ಲ, ಹಿಂದೆ ಹೋದರೆ ಕಾಣುವುದಿಲ್ಲ, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಆಮೇಲೆ ಒಂದು ಮಾತು: ಆದರೆ ನಾನು ಹಿಡಿದ ದಾರಿ ಆತನಿಗೆ ಗೊತ್ತು. ನನಗೆ ಆತನು ಕಾಣುವುದಿಲ್ಲ, ಆತನಿಗೆ ನಾನು ಕಾಣುತ್ತೇನೆ. ಯೋಬನಿಗೆ ಆ ದಿನ ಕೈಗೆ ಸಿಕ್ಕಿದ್ದು ಅಷ್ಟೇ. ಅಷ್ಟನ್ನು ಅವನು ಬಿಡಲಿಲ್ಲ.

ಯೆಶಾಯ 50:10 ನಿಮಗಾಗಿಯೇ ಬರೆದ ಹಾಗಿದೆ. ಯೆಹೋವನಿಗೆ ಹೆದರಿ ಆತನ ಸೇವಕನ ಮಾತು ಕೇಳುವವನೊಬ್ಬ ಬೆಳಕಿಲ್ಲದೆ ಕತ್ತಲಲ್ಲಿ ನಡೆಯುತ್ತಿದ್ದರೆ, ಅವನು ಯೆಹೋವನ ಹೆಸರಿನಲ್ಲಿ ಭರವಸೆ ಇಟ್ಟು ತನ್ನ ದೇವರನ್ನೇ ಆತುಕೊಳ್ಳಲಿ ಅನ್ನುತ್ತದೆ. ಹೆದರಿ ಮಾತು ಕೇಳುವವನೇ ಕತ್ತಲಲ್ಲಿ ಇದ್ದಾನೆ, ಗಮನಿಸಿದಿರಾ? ಮಾತು ಕೇಳದವನು ಅಂತ ಬರೆದಿಲ್ಲ.

ಇನ್ನು ನೀವು ಕೇಳದೇ ಇದ್ದ ಒಂದು ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಏಕೆಂದರೆ ಸಭೆಯಲ್ಲಿ ಇದನ್ನು ನಾವು ಸಾಕಷ್ಟು ಮಾತಾಡುವುದಿಲ್ಲ. ಒಂದೂವರೆ ವರ್ಷದಿಂದ ರಾತ್ರಿ ಎರಡು ಸಲ ಏಳುತ್ತಿದ್ದೇನೆ ಅಂತ ಬರೆದಿದ್ದೀರಿ. ದೇವರು ದೂರವಾದ ಹಾಗೆ ಅನಿಸಿದ್ದೂ ಒಂದೂವರೆ ವರ್ಷದಿಂದ ಅಂತ ಬರೆದಿದ್ದೀರಿ. ಈ ಎರಡನ್ನೂ ನೀವು ಪಕ್ಕಪಕ್ಕ ಇಟ್ಟು ನೋಡಿಲ್ಲ ಅನಿಸುತ್ತದೆ. ನಿದ್ದೆಗೆಟ್ಟ ದೇಹಕ್ಕೆ ಯಾವುದೂ ಸರಿಯಾಗಿ ಅನಿಸುವುದಿಲ್ಲ. ಮಕ್ಕಳ ನಗು, ಗಂಡನ ಮಾತು, ಇಷ್ಟದ ಹಾಡು, ಎಲ್ಲವೂ ದೂರದಲ್ಲಿ ಎಲ್ಲೋ ನಡೆಯುತ್ತಿದೆ ಅನಿಸುತ್ತದೆ. ದೇವರ ಜೊತೆಗಿನ ಸಂಬಂಧ ಮಾತ್ರ ಇದರಿಂದ ಹೇಗೆ ಹೊರಗೆ ಉಳಿದೀತು?

1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನ ಕಥೆ ಇದೆ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡವನು, ಅದರ ಬೆನ್ನಲ್ಲೇ ಜೀವಭಯದಿಂದ ಓಡಿದ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂದ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಅವನು ಮಲಗಿದ. ದೇವದೂತನು ಬಂದು ತಟ್ಟಿ ಎಬ್ಬಿಸಿ ‘ಎದ್ದು ತಿನ್ನು’ ಅಂದ. ರೊಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ ಆಯಿತು: ಎಬ್ಬಿಸಿ, ತಿನ್ನಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ನಾವೆಲ್ಲಾ ಎತ್ತಿ ಹೇಳುವ ದೇವರ ಆ ಮೆಲ್ಲನೆಯ ದನಿ ಬಂದದ್ದು ಇದಾದ ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ಎರಡು ನಿದ್ದೆ, ಎರಡು ಊಟ.

ಆದ್ದರಿಂದ ವಾರಕ್ಕೆ ಎರಡು ರಾತ್ರಿಯಾದರೂ ಅತ್ತೆಯನ್ನು ನೋಡಿಕೊಳ್ಳುವ ಕೆಲಸವನ್ನು ಗಂಡನೋ, ನಾದಿನಿಯೋ, ಬೇರೆ ಯಾರಾದರೋ ತೆಗೆದುಕೊಳ್ಳಲಿ. ಸಭೆಯಲ್ಲಿ ಬಾಯಿಬಿಟ್ಟು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ, ಒಬ್ಬರ ಭಾರ ಒಬ್ಬರು ಹೊರಬೇಕೆಂದು ನಮಗೆ ಆಜ್ಞೆಯೇ ಇದೆ. ಇನ್ನೊಂದು ಮಾತನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಹಸಿವು ಹೋಗಿದ್ದರೆ, ಮಲಗಲು ಸಮಯ ಸಿಕ್ಕರೂ ನಿದ್ದೆ ಬಾರದಿದ್ದರೆ, ಬದುಕಿ ಏನು ಪ್ರಯೋಜನ ಅನಿಸುತ್ತಿದ್ದರೆ, ಡಾಕ್ಟರನ್ನು ನೋಡಿ. ಸಾಯುವ ಯೋಚನೆ ಬಂದರಂತೂ ಅದೇ ದಿನ ಮನೆಯಲ್ಲಿ ಹೇಳಿ, ಅದೇ ದಿನ ನೋಡಿ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆ ಕಡಿಮೆ ಅನ್ನುವುದಕ್ಕೆ ಗುರುತು ಅಂತ ಯಾರಾದರೂ ಹೇಳಿದರೆ, ಎಲೀಯನ ರೊಟ್ಟಿಯನ್ನು ಅವರಿಗೆ ನೆನಪು ಮಾಡಿ.

ನಾನೂ ಇಂಥ ಒಂದು ಕಾಲ ದಾಟಿದ್ದೇನೆ. ತಂದೆ ತೀರಿಕೊಂಡ ಮೇಲೆ ಸುಮಾರು ಎರಡು ವರ್ಷ ನನ್ನ ಪ್ರಾರ್ಥನೆ ಒಣಗಿಹೋಗಿತ್ತು. ಬೇರೆಯವರಿಗೆ ವಾಕ್ಯ ಹೇಳಿಕೊಡುವ ಕೆಲಸ ನನ್ನದು, ಹಾಗಾಗಿ ಯಾರಿಗೂ ಹೇಳಿಕೊಳ್ಳಲಾಗಲಿಲ್ಲ. ಆಗ ಒಬ್ಬ ಹಿರಿಯ ವಿಶ್ವಾಸಿ ನನಗೆ ಹೇಳಿದರು: ‘ನಿನಗೆ ಈಗ ಪ್ರಾರ್ಥನೆ ಮಾಡೋಕೆ ಆಗಲ್ಲ ಅಂದ್ರೆ ಬಿಡು, ಬಂದು ನನ್ನ ಪಕ್ಕ ಕೂತ್ಕೋ. ನಾನು ಮಾಡ್ತೀನಿ.’ ವಾರಕ್ಕೊಮ್ಮೆ ಹೋಗಿ ಕೂತೆ. ಹೆಚ್ಚಿನ ದಿನ ಒಂದು ಮಾತೂ ಆಡಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸುತ್ತಾರಲ್ಲ, ಅಲ್ಲಿ ‘ಯೇಸು ಅವರ ನಂಬಿಕೆಯನ್ನು ನೋಡಿ’ ಅಂತ ಇದೆ. ಆ ಮಾತಿನ ಅರ್ಥ ನನಗೆ ಆ ವರ್ಷಗಳಲ್ಲಿ ಗೊತ್ತಾಯಿತು. ನಮ್ಮ ನಂಬಿಕೆಗೆ ಕೈಕಾಲು ಆಡದಿದ್ದಾಗ ಹೊರುವವರ ನಂಬಿಕೆಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಸಭೆಯಲ್ಲಿ ಅಂಥ ಒಬ್ಬರನ್ನು ಹುಡುಕಿಕೊಳ್ಳಿ. ಕೂಡಲೇ ಬುದ್ಧಿ ಹೇಳಲು ಬರುವವರು ಬೇಡ. ಸುಮ್ಮನೆ ಪಕ್ಕದಲ್ಲಿ ಕೂರಬಲ್ಲವರು ಬೇಕು.

ಈ ದಾರಿಯಲ್ಲಿ ನಡೆದವರ ಸಾಲು ಉದ್ದವಾಗಿದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಲೋಕಕ್ಕೆಲ್ಲಾ ಆಶ್ಚರ್ಯವಾಯಿತು. ಹತ್ತಾರು ವರ್ಷ ಅವರಿಗೆ ಒಳಗೆ ಕತ್ತಲೆಯೇ ಇತ್ತು. ದೇವರ ಇರುವಿಕೆ ಅವರಿಗೆ ಅನಿಸುತ್ತಿರಲಿಲ್ಲ. ಆದರೂ ಬೆಳಗ್ಗೆ ಎದ್ದು ಪ್ರಾರ್ಥನೆಗೆ ಹೋದರು, ಸಾಯುತ್ತಿರುವವರ ಪಕ್ಕ ಕೂತರು. ಕೆಲವರು ಇದನ್ನು ಓದಿ ಅವರಿಗೆ ನಂಬಿಕೆಯೇ ಇರಲಿಲ್ಲ ಅಂದರು. ನನಗೆ ಇದಕ್ಕಿಂತ ಗಟ್ಟಿಯಾದ ನಂಬಿಕೆ ಗೊತ್ತಿಲ್ಲ.

ನಿಮ್ಮ ಬದುಕಿಗೆ ಇನ್ನೂ ಹತ್ತಿರವಾದವರು ಬ್ರದರ್ ಲಾರೆನ್ಸ್. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಅಡುಗೆ ಮಾಡುತ್ತಿದ್ದರು. ಮೊದಲು ಸೈನಿಕರಾಗಿದ್ದವರು, ಗಾಯದಿಂದ ಕಾಲು ಕುಂಟಾಗಿತ್ತು. ಅಡುಗೆ ಕೆಲಸ ಅವರಿಗೆ ಇಷ್ಟವಾದ ಕೆಲಸವೇನೂ ಆಗಿರಲಿಲ್ಲ. ಪಾತ್ರೆಗಳ ಸದ್ದಿನ ನಡುವೆ, ಒಂದೇ ಸಮಯಕ್ಕೆ ನಾಲ್ಕು ಜನ ನಾಲ್ಕು ಕೇಳುವಾಗಲೂ ದೇವರ ಜೊತೆ ಮಾತಾಡಿಕೊಂಡಿರುವುದನ್ನು ಅವರು ಕಲಿತರು. ಇಷ್ಟು ಬಹಳ ಜನಕ್ಕೆ ಗೊತ್ತು. ಆದರೆ ಆ ಮಠದ ಬದುಕಿನ ಮೊದಲ ಹತ್ತು ವರ್ಷ ಅವರು ತುಂಬಾ ಸಂಕಟಪಟ್ಟರು. ಅಡುಗೆಮನೆಯಲ್ಲಿ ದೇವರನ್ನು ಕಂಡವರು ಅಂತ ಅವರ ಹೆಸರು ಹೇಳುವಾಗ ನಾವು ಆ ಹತ್ತು ವರ್ಷವನ್ನು ಬಿಟ್ಟುಬಿಡುತ್ತೇವೆ. ಸಭೆಯಲ್ಲಿ ಸಾಕ್ಷಿ ಹೇಳುವಾಗಲೂ ಹೀಗೆಯೇ ಆಗುತ್ತದೆ. ಐದು ನಿಮಿಷದಲ್ಲಿ ಕೊನೆಯ ಸಂತೋಷ ಕೇಳಿಸುತ್ತದೆ, ನಡುವಿನ ವರ್ಷಗಳು ಕೇಳಿಸುವುದಿಲ್ಲ. ಪಕ್ಕದವರ ಕಣ್ಣೀರಿನ ಜೊತೆ ನಿಮ್ಮನ್ನು ಹೋಲಿಸಿಕೊಳ್ಳುವುದನ್ನು ಬಿಡಿ. ಅವರ ಕಣ್ಣೀರು ಎಲ್ಲಿಂದ ಬರುತ್ತಿದೆ ಅಂತ ನಿಮಗೆ ಗೊತ್ತಿಲ್ಲ.

ಈಗ ನಾಳೆ ಬೆಳಗ್ಗೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಒಂದು ಗಂಟೆ ಪ್ರಾರ್ಥನೆ ಮಾಡುತ್ತೇನೆ, ಉಪವಾಸ ಮಾಡುತ್ತೇನೆ ಅಂತ ಈಗ ಹರಕೆ ಹೊರಬೇಡಿ. ಮೂರನೇ ದಿನ ಅದು ತಪ್ಪುತ್ತದೆ, ಇನ್ನೊಂದು ಅಪರಾಧದ ಭಾರ ಸೇರುತ್ತದೆ. ದಿನದಲ್ಲಿ ನೀವು ಹೇಗೂ ಮಾಡುವ ಒಂದು ಕೆಲಸವನ್ನು ಹಿಡಿದುಕೊಳ್ಳಿ. ಅತ್ತೆಗೆ ಮಾತ್ರೆ ಕೊಡುವುದು ಅಂತಲೇ ಇಟ್ಟುಕೊಳ್ಳಿ. ಪ್ರತಿ ಸಲ ನೀರಿನ ಲೋಟ ಕೈಗೆ ತೆಗೆದುಕೊಳ್ಳುವಾಗ ಒಂದೇ ಸಾಲು: ‘ಕರ್ತನೇ, ನೀನು ಇಲ್ಲೇ ಇದ್ದೀ ಅಂತ ಹೇಳಿದ್ದೀ.’ ಇದ್ದೀ ಅಂತ ನನಗೆ ಅನಿಸುತ್ತಿದೆ ಅನ್ನಬೇಕಾಗಿಲ್ಲ, ಅದು ಸುಳ್ಳಾಗುತ್ತದೆ. ಆತನು ಹೇಳಿದ್ದಾನೆ ಅನ್ನುವುದು ನಿಜ, ಅನಿಸದ ದಿನವೂ ನಿಜ. ಬೆಳಗ್ಗೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ನಿಮ್ಮ ಮಾತು ಮುಗಿದುಹೋಗಿರುವಾಗ ದಾವೀದನ ಮಾತನ್ನು ಸಾಲ ತೆಗೆದುಕೊಳ್ಳಿ. ಅದೂ ಆಗದ ದಿನ ಸುಮ್ಮನೆ ಐದು ನಿಮಿಷ ಕೂತಿರಿ. ಹೇಗೆ ಪ್ರಾರ್ಥಿಸಬೇಕೋ ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ಮಾತ್ರ ತಪ್ಪಿಸಬೇಡಿ. ನಿಮ್ಮ ಮನಸ್ಸು ಹೇಗೇ ಇರಲಿ, ಅಲ್ಲಿ ರೊಟ್ಟಿ ಕೈಗೆ ತಾಕುತ್ತದೆ.

ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ದಿನವನ್ನು ಹಿಂದಕ್ಕೆ ತಿರುಗಿ ನೋಡಿ. ಜೆಸ್ವಿಟ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ತನ್ನವರಿಗೆ ಕಲಿಸಿದ ಅಭ್ಯಾಸ ಇದು, ಈಗ ಬೇರೆ ಸಭೆಗಳವರಲ್ಲೂ ಹಲವರು ಮಾಡುತ್ತಾರೆ. ಇದರ ಹಿಂದೆ ಒಂದು ಕಾರಣ ಇದೆ. ದೇವರು ಹೆಚ್ಚಾಗಿ ದಾಟಿಹೋದ ಮೇಲೆ ಗುರುತು ಸಿಗುತ್ತಾನೆ. ಮೋಶೆ ನಿನ್ನ ಮಹಿಮೆಯನ್ನು ತೋರಿಸು ಅಂತ ಕೇಳಿದಾಗ ಅವನಿಗೆ ಕಂಡದ್ದು ಹಿಂಭಾಗ ಮಾತ್ರ. ಯೇಸು ಸತ್ತು ಎದ್ದ ದಿನ ಎಮ್ಮಾಹು ಎಂಬ ಹಳ್ಳಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರು ಸುಮಾರು ಹನ್ನೊಂದು ಕಿಲೋಮೀಟರ್ ದಾರಿಯಲ್ಲಿ ಯೇಸುವಿನ ಪಕ್ಕದಲ್ಲೇ ನಡೆದರೂ ಗುರುತು ಹಿಡಿಯಲಿಲ್ಲ. ಊಟಕ್ಕೆ ಕೂತು ಆತನು ರೊಟ್ಟಿ ಮುರಿದಾಗ ಗೊತ್ತಾಯಿತು. ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡರು, ದಾರಿಯಲ್ಲಿ ಮಾತಾಡುವಾಗ ನಮ್ಮ ಹೃದಯ ಕುದಿಯಿತಲ್ಲವೇ ಅಂತ. ಕುದಿಯುತ್ತಿದ್ದದ್ದು ದಾರಿಯಲ್ಲಿ, ಗೊತ್ತಾದದ್ದು ಮನೆಯಲ್ಲಿ. ಹಾಗಾಗಿ ರಾತ್ರಿ ಕೇಳಿಕೊಳ್ಳಿ: ಇವತ್ತು ಎಲ್ಲಿ ಸ್ವಲ್ಪ ಉಸಿರಾಡುವ ಹಾಗಾಯಿತು? ಯಾರು ಅನಿರೀಕ್ಷಿತವಾಗಿ ಒಂದು ಒಳ್ಳೆ ಮಾತಾಡಿದರು? ಸಿಟ್ಟು ಬರಬೇಕಾದಲ್ಲಿ ಬರದೇ ಹೋದದ್ದು ಎಲ್ಲಿ? ಸಿಕ್ಕಿದ್ದನ್ನು ಒಂದು ಸಾಲಿನಲ್ಲಿ ಬರೆದಿಡಿ. ಕೆಲವು ರಾತ್ರಿ ಏನೂ ಸಿಗುವುದಿಲ್ಲ. ಹಾಳೆ ಖಾಲಿ ಇರಲಿ, ಬಲವಂತ ಬೇಡ.

ಇಗ್ನೇಷಿಯಸ್ ಕೊಟ್ಟ ಇನ್ನೊಂದು ಬುದ್ಧಿಮಾತೂ ನಿಮಗೆ ಬೇಕು. ಮನಸ್ಸು ಕತ್ತಲಾಗಿರುವಾಗ ದೊಡ್ಡ ತೀರ್ಮಾನ ಮಾಡಬೇಡಿ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡಿ. ಸಭೆ ಬಿಡುವುದು, ಸೇವೆ ಬಿಡುವುದು, ನಾನು ಕ್ರೈಸ್ತಳೇ ಅಲ್ಲ ಅಂದುಕೊಳ್ಳುವುದು, ಇವೆಲ್ಲಾ ಈಗ ಬೇಡ. ದೇವರೇ, ಇದ್ದರೆ ಒಂದು ಗುರುತು ತೋರಿಸು ಅಂತ ದಿನಕ್ಕೊಂದು ಪರೀಕ್ಷೆ ಒಡ್ಡುವುದೂ ಬೇಡ. ಇಸ್ರಾಯೇಲ್ಯರ ನಾಯಕ ಗಿದ್ಯೋನ ಕೇಳಿದ, ದೇವರು ಕರುಣೆಯಿಂದ ಕೊಟ್ಟನು. ಆದರೆ ಒಂದು ಗುರುತು ಸಿಕ್ಕ ಬೆನ್ನಲ್ಲೇ ಅವನು ಇನ್ನೊಂದು ಕೇಳಿದ. ಗುರುತಿನಿಂದ ಬಂದ ಧೈರ್ಯಕ್ಕೆ ಆಯುಸ್ಸು ಅಷ್ಟೇ.

ಅತ್ತೆಯ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಮತ್ತಾಯ 25ರಲ್ಲಿ ಯೇಸು ನ್ಯಾಯತೀರ್ಪಿನ ದಿನದ ಬಗ್ಗೆ ಹೇಳುತ್ತಾನೆ. ಅರಸನು ಬಲಗಡೆಯವರಿಗೆ ‘ನಾನು ರೋಗದಲ್ಲಿ ಬಿದ್ದಿದ್ದೆ, ನನ್ನನ್ನು ಆರೈಕೆ ಮಾಡಿದಿರಿ’ ಅನ್ನುತ್ತಾನೆ. ಅವರು ಏನು ಅನ್ನುತ್ತಾರೆ? ‘ಕರ್ತನೇ, ಯಾವಾಗ?’ ಅವರಿಗೆ ಗೊತ್ತೇ ಇರಲಿಲ್ಲ. ಆರೈಕೆ ಮಾಡುವಾಗ ಅವರಿಗೆ ಯೇಸುವಿನ ಇರುವಿಕೆ ಅನಿಸಿರಲಿಲ್ಲ. ಕಂಡದ್ದು ಬರೀ ಒಬ್ಬ ರೋಗಿ, ಬರೀ ಹಾಸಿಗೆ, ಬರೀ ಆಯಾಸ. ಆದರೆ ಆತನು ಅಲ್ಲಿಯೇ ಇದ್ದನು. ಆರೈಕೆ ತೆಗೆದುಕೊಳ್ಳುತ್ತಾ ಇದ್ದನು.

ನೀವು ಒಂದೂವರೆ ವರ್ಷದಿಂದ ದೇವರು ಎಲ್ಲಿ ಅಂತ ಮೊಣಕಾಲೂರಿ ಹುಡುಕುತ್ತಿದ್ದೀರಿ. ಆ ಹುಡುಕಾಟ ಬಿಡಬೇಡಿ. ಆದರೆ ರಾತ್ರಿ ಎರಡನೇ ಸಲ ಎದ್ದು, ಅರ್ಧ ನಿದ್ದೆಯಲ್ಲಿ, ಏನೂ ಅನಿಸದೆ ಅತ್ತೆಯ ಮಗ್ಗುಲು ತಿರುಗಿಸುವಾಗ ನಿಮ್ಮ ಕೈ ಯಾರನ್ನು ಮುಟ್ಟುತ್ತಿದೆ ಅಂತ ಆ ಅಧ್ಯಾಯವನ್ನು ಓದಿದ ಮೇಲೆ ನೋಡಿ.

ಈ ವಾರ ಮಾಡಬೇಕಾದದ್ದು ಎರಡು. ರಾತ್ರಿ ಕೆಲಸ ಹಂಚಿಕೊಳ್ಳುವ ಬಗ್ಗೆ ಮನೆಯಲ್ಲಿ ಮಾತಾಡಿ, ಡಾಕ್ಟರನ್ನು ಒಮ್ಮೆ ನೋಡಿ ಬನ್ನಿ. ಹೋಗಿಬಂದ ಮೇಲೆ ನನಗೆ ನಾಲ್ಕು ಸಾಲು ಬರೆಯಿರಿ. ಅಲ್ಲಿಯವರೆಗೆ ನಿಮ್ಮ ಮತ್ತು ನಿಮ್ಮ ಅತ್ತೆಯವರ ಹೆಸರು ನನ್ನ ಬೆಳಗಿನ ಪ್ರಾರ್ಥನೆಯಲ್ಲಿ ಇರುತ್ತದೆ. ನಿಮಗೆ ಮಾತು ಬಾರದ ದಿನವೂ ಇರುತ್ತದೆ.